ರಂಗೋಲಿ ಗೆರೆ ಹಿಡಿದ ಗಾಡಿ

ಗಾಡಿ ಮತ್ತೆ ಗೋಡೆಗೆ ಬಡಿಯಿತು. ಮೇಲಿದ್ದ ಗ್ಲಾಸು ಉರುಳಿ ಕಾಲೇಜಿನ ಬಿಳಿ ಟೈಲ್ಸಿನ ತುಂಬ ಚಹಾ ಹರಿಯಿತು.

"ನಿಮ್ಮ ಗಾಡಿ ಸೇಂದಿ ಕುಡದು ಬಂದಂಗದ," ಎಂದ ಕ್ಯಾಂಟೀನಿನ ಬಾಷುಮಿಯಾ. "ಇನ್ನ ಎಷ್ಟ ಚಾ ಕೊಡ್ಲಿ ಇದಕ್ಕ?"

ದೇವಕಮ್ಮ ಗಾಡಿಯನ್ನು ಎತ್ತಿಕೊಂಡಳು. ಬುತ್ತಿ ಡಬ್ಬಿಯ ಮುಚ್ಚಳ, ಆಟಿಕೆ ಕಾರಿನ ಗಾಲಿ, ಹೊಟ್ಟೆಯಡಿ ನೆಲ ನೋಡುವ ಎರಡು ಸೆನ್ಸರ್ ಕಣ್ಣು. ತನ್ನೂರು ಗೋಗಿಯ ಮನೆಯಲ್ಲಿ ಇದು ಎಂದೂ ದಾರಿ ತಪ್ಪಿದ್ದಿಲ್ಲ. ಅಲ್ಲಿ ಸೆಗಣಿ ಸಾರಿಸಿದ ಕಪ್ಪು ನೆಲ, ಅದರ ಮೇಲೆ ಅವ್ವ ತಿಮ್ಮವ್ವ ಎಳೆದ ರಂಗೋಲಿ. ಬಿಳಿ ಕಂಡಲ್ಲಿ ಸಾಗು, ಕಪ್ಪು ಕಂಡರೆ ಹೊರಳು ಎಂದು ದೇವಕಮ್ಮ ಪ್ರೋಗ್ರಾಂ ಬರೆದಿದ್ದಳು. ಸ್ಪರ್ಧೆಗೆ ಬಂದ ಉಳಿದವರೆಲ್ಲ ಬಿಳಿ ನೆಲಕ್ಕೆ ಕಪ್ಪು ಪಟ್ಟಿ ಅಂಟಿಸಿ ಓಡಿಸುತ್ತಾರೆಂಬುದು ಅವಳಿಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆಯೇ.

"ಪ್ರೋಗ್ರಾಂನ್ಯಾಗ ಒಂದು ಚಿಹ್ನೆ ತಿರುವಿದ್ರ ಮುಗೀತಲ್ಲವಾ," ಎಂದರು ಸ್ಪರ್ಧೆ ನಡೆಸುತ್ತಿದ್ದ ವಿಜ್ಞಾನದ ಸೂಗಪ್ಪ ಸರ್.

"ಅದನ್ನ ಬರದಿದ್ದು ನಮ್ಮೂರ ಕಾಲುವಿ ಆಫೀಸಿನ ಕಂಪ್ಯೂಟರನ್ಯಾಗ, ಅಲ್ಲೇ ಅದರಿ ಸರ್. ಇವತ್ತ ಐತವಾರ, ಬೀಗ ಹಾಕ್ಯಾರ."

"ಹಂಗಾದ್ರ ಸುಮ್ನ ಮೇಜಿನ ಮ್ಯಾಲ ಇಡು. ಮಂದಿ ನೋಡ್ಲಿ. ಲ್ಯಾಬಿನ ಕೀಲಿಕೈ ಮುಂದಿನ ವರ್ಷ ನೋಡಮು."

ಆ ಕೀಲಿಕೈಗಾಗಿಯೇ ಅವಳು ಶಹಾಪುರದ ಬಸ್ಸು ಹತ್ತಿದ್ದಳು. ಯಾರ ಯಂತ್ರ ತಾನಾಗಿಯೇ ದಾರಿ ಮುಗಿಸುತ್ತದೋ ಅವರಿಗೆ ವರ್ಷವಿಡೀ ರಜೆಯ ದಿನ ಕಾಲೇಜಿನ ಲ್ಯಾಬು. ಮನೆಯಲ್ಲಿ ಅವಳು ಕಬ್ಬಿಣದ ಕಡ್ಡಿಯನ್ನು ಒಲೆಯ ಕೆಂಡದಲ್ಲಿ ಕಾಯಿಸಿ ತಂತಿ ಬೆಸೆಯುತ್ತಿದ್ದಳು. ರೊಟ್ಟಿಗೆಲ್ಲ ಸೀಸದ ವಾಸನೆ ಬರ್ತದೆ ಎಂದು ತಿಮ್ಮವ್ವನ ಬೈಗುಳ ಬೇರೆ. ಈಗ ಅದೇ ತಿಮ್ಮವ್ವ ಬಾಗಿಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಗಾಡಿ ಬದಲಾಗಂಗಿಲ್ಲಂದ್ರ ನೆಲಾ ಬದಲ ಮಾಡು," ಎನ್ನುತ್ತ ಎದ್ದಳು. "ಹಿಂದ ಎಷ್ಟ್ ಬಯಲು ಬಿದ್ದದ."

ಕಾಲೇಜಿನ ಹಿಂದೆ ಕಪ್ಪು ಎರೆಮಣ್ಣಿನ ಬಯಲು, ಅದರಾಚೆ ಕಾಲುವೆ. ದಂಡೆಯಲ್ಲಿ ಎಮ್ಮೆಗಳು ಮೇಯುತ್ತಿದ್ದವು. ತಿಮ್ಮವ್ವ ಸೆರಗು ಸಿಕ್ಕಿಸಿ ಬಾಷುಮಿಯಾನ ಬಕೀಟಿಗೆ ಕೈ ಹಾಕಿದಳು.

"ಅದರಾಗ ಸೆಗಣಿ ಕಲಸಬ್ಯಾಡ್ರಿ ಯವ್ವಾ, ಚಾದ ನೀರಿನ ಬಕೀಟ ಅದು."

"ನಿನ್ನ ಚಾಕ್ಕಿಂತ ಗಟ್ಟಿ ಇರ್ತದ ತಗೋ."

ತಾಯಿ ಮಗಳು ಸೇರಿ ನೆಲ ಬಡಿದು ಸಾರಿಸಿದರು. ಸುಡುಬಿಸಿಲಿಗೆ ಅದು ಬೇಗ ಒಣಗಿತು. ಆದರೆ ಬಿಸಿಲು ಗಾಡಿಯ ಕಣ್ಣು ಕೋರೈಸುತ್ತದೆ. ಕಟ್ಟಡದ ನೆರಳು ಅಲ್ಲಿಗೆ ಸರಿಯುವವರೆಗೆ ದೇವಕಮ್ಮ ಕಾದಳು. ತಿಮ್ಮವ್ವ ಉಡಿಯಿಂದ ರಂಗೋಲಿ ಡಬ್ಬಿ ತೆಗೆದು ಬಗ್ಗಿದಳು. ನೆಟ್ಟಗೆ ಎಳೆಯುವುದು ಆಕೆಯ ಕೈಗೆ ಗೊತ್ತೇ ಇರಲಿಲ್ಲ. ಗೆರೆ ಬಳ್ಳಿಯಂತೆ ಆ ಕಡೆ ಬಾಗಿ, ಈ ಕಡೆ ಬಾಗಿ, ಬೇವಿನ ಮರ ಸುತ್ತಿ ಬಂದಿತು. ಅದು ಮುಗಿದಲ್ಲೇ ಆಕೆ ಚಕ್ಕಳಮಕ್ಕಳ ಹಾಕಿ ಕೂತಳು.

ಬಾಷುಮಿಯಾ ಗಾಡಿಯ ಮೇಲೆ ಹೊಗೆಯಾಡುವ ಚಹಾ ಇಟ್ಟ. ದೇವಕಮ್ಮ ಗುಂಡಿ ಒತ್ತಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು, ಮುಟ್ಟಿದಳೆಂದು ಯಾರೂ ಅನ್ನಬಾರದು.

ಗಾಡಿ ಹೊರಟಿತು. ಒಂದು ತಿರುವಿನಲ್ಲಿ ಗೆರೆ ತೆಳುವಾಗಿತ್ತು; ಅಲ್ಲಿ ನಿಂತು, ಮೂತಿಯನ್ನು ಅತ್ತಿತ್ತ ಆಡಿಸಿತು. "ಅಲ್ಲೇ ಅದ ನೋಡು, ನಿನ್ನ ಮುಂದ," ಎಂದಳು ತಿಮ್ಮವ್ವ, ಕರುವಿಗೆ ಹೇಳುವ ಹಾಗೆ. ಗಾಡಿಗೆ ಬಿಳಿ ಸಿಕ್ಕಿತು. ಒಂದೊಂದು ಬಾಗನ್ನೂ ಬಿಡದೆ, ಯಾವ ಅವಸರವೂ ಇಲ್ಲದೆ, ಮರ ಸುತ್ತಿಕೊಂಡು ಬಂದು ಆಕೆಯ ಕಾಲಬಳಿ ನಿಂತಿತು. ಒಂದು ಹನಿಯೂ ಚೆಲ್ಲಿರಲಿಲ್ಲ.

ಸೂಗಪ್ಪ ಸರ್ ಜೇಬಿನಿಂದ ಕೀಲಿಕೈ ತೆಗೆದು ದೇವಕಮ್ಮನ ಅಂಗೈಗೆ ಹಾಕಿದರು. ಆಮೇಲೆ ಬಗ್ಗಿ, ಗ್ಲಾಸನ್ನು ತಾವೇ ಎತ್ತಿ ತಿಮ್ಮವ್ವನ ಮುಂದೆ ಹಿಡಿದರು.

"ತಗೋರಿ ಯವ್ವಾ. ಮೊದಲನೇ ಗುಟುಕ ನಿಮ್ದೇ."

ತಿಮ್ಮವ್ವ ಗ್ಲಾಸಿಗೆ ಒಂದು ಬೆರಳು ತಾಗಿಸಿ ನೋಡಿದಳು.

"ಒಲ್ಲೆ," ಎಂದಳು. "ಆರಿ ನೀರಾಗೇದ."