ಪಾಪಕ್ಕನ ತೆಳು ಕಾಫಿ

ಸಿದ್ದರಬೆಟ್ಟ ಹತ್ತಿ ಇಳಿದವರಿಗೆ ಮೊದಲು ಬೇಕಾಗುವುದು ಒಂದು ಲೋಟ ಕಾಫಿ. ಬೆಟ್ಟದ ಬುಡದಲ್ಲಿ ನಮ್ಮ ಮಹಿಳಾ ಸಂಘದ್ದೊಂದು ಅಂಗಡಿ ಇದೆ. ಅಲ್ಲಿ ಕಾಫಿ ಕಾಯಿಸುವವಳು ಪಾಪಕ್ಕ. ಮೂರು ವರ್ಷದಲ್ಲಿ ಅವಳ ಕಾಫಿಯ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ. ಹೋದ ತಿಂಗಳು ಎತ್ತಿದರು.

"ಇದೇನಮ್ಮ, ಬಣ್ಣಾನೇ ಇಲ್ಲ, ತೆಳ್ಳಗೈತೆ" ಎಂದು ಒಬ್ಬರು ಅಂದರು. ಮಾರನೆಯ ದಿನ ಇನ್ನಿಬ್ಬರು ಅಂದರು. ಪುಡಿ ಹೊಸದು ಎಂಬುದು ನಮಗೆಲ್ಲ ಗೊತ್ತಿತ್ತು. ತುಮಕೂರಿನ ಮೇಳವೊಂದರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೆಂಗಸರು ಮಳಿಗೆ ಹಾಕಿದ್ದರು. ಕಾಡುಮರಗಳ ನೆರಳಲ್ಲಿ, ಅಂಗಡಿ ಗೊಬ್ಬರ ಹಾಕದೆ, ಔಷಧಿ ಹೊಡೆಯದೆ ತಾವೇ ಬೆಳೆದ ಕಾಫಿ ಎಂದಿದ್ದರು. ಸಂಘವನ್ನು ಕೇಳಿಯೇ ಪಾಪಕ್ಕ ಐದು ಕೆಜಿ ತಂದಿದ್ದಳು.

ನಮ್ಮ ಅಧ್ಯಕ್ಷೆ ಶಿವರುದ್ರಮ್ಮ. ಕೆಟ್ಟವರಲ್ಲ, ಆದರೆ ಅನುಮಾನ ಅವರಿಗೆ ಹುಟ್ಟಿನಿಂದಲೇ ಬಂದದ್ದು. ತರಕಾರಿಯವನ ಕೈಲಿ ಮೂರು ಸಲ ತೂಗಿಸುತ್ತಾರೆ. ಬಸ್ಸಿನಲ್ಲಿ ಕೊಡುವ ಪುಕ್ಕಟೆ ಟಿಕೆಟ್ಟನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಅಂಥವರು ಈ ಕಾಫಿ ನೋಡಿ ಸುಮ್ಮನಿರುತ್ತಾರೆಯೇ? ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮೂಗು ಮುರಿದರು.

"ಹುಣಸೇಬೀಜ ಹುರಿದು ಪುಡಿ ಮಾಡಿ ಬೆರೆಸವ್ಳೆ ಕಣ್ರೇ. ಅವಳ ಮನೆ ಮುಂದೆ ಎರಡು ಹುಣಸೇಮರ ಐತೆ, ನೋಡಿಲ್ವಾ?"

ನೋಡಿದ್ದೆವು. ನಮ್ಮ ಕಡೆ ಹುಣಸೇಮರಕ್ಕೇನು ಬರವೇ? ಆದರೂ ಒಬ್ಬರೂ ಎದುರು ಮಾತಾಡಲಿಲ್ಲ. ನಾನೂ ಆಡಲಿಲ್ಲ, ಈಗ ನೆನೆದರೆ ನಾಚಿಕೆಯಾಗುತ್ತದೆ. ಎರಡೇ ದಿನದಲ್ಲಿ ನಮ್ಮ ಕಣ್ಣೆಲ್ಲ ಪಾಪಕ್ಕನ ಕೈಚೀಲದ ಮೇಲೆ ಬಿತ್ತು. ಅವಳು ಒಲೆಯ ಮುಂದೆ ಒಬ್ಬಳೇ ಇರದಂತೆ ಯಾರಾದರೊಬ್ಬರು ಹೋಗಿ ನಿಲ್ಲತೊಡಗಿದರು. ಶುಕ್ರವಾರದ ಸಭೆಗೆ ಶಿವರುದ್ರಮ್ಮ ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಬೆರಕೆ ಮಾಡುವವಳಿಗೆ ಒಲೆ ಬೇಡ, ಇನ್ನು ಮೇಲೆ ಪಾಪಕ್ಕ ಲೋಟ ತೊಳೆಯಲಿ ಎಂದರು.

ಪಾಪಕ್ಕ ಅಳಲಿಲ್ಲ. "ಬೆರಕೆಯವಳು ಅನ್ನಿಸ್ಕೊಂಡು ಲೋಟಾನೂ ತೊಳೆಯಾಕಿಲ್ಲ, ಸಂಘದಾಗೂ ಇರಾಕಿಲ್ಲ" ಎಂದಳು.

ಆ ಸಭೆಗೆ ತೋವಿನಕೆರೆಯಿಂದ ಚೈತ್ರ ಬಂದಿದ್ದಳು. ಅವಳು ಕೃಷಿ ಸಖಿ, ಸಾವಯವ ಬೇಸಾಯದ ತರಬೇತಿ ಪಡೆದವಳು. ಶಿವರುದ್ರಮ್ಮನವರ ತಂಗಿಯ ಮಗಳು ಬೇರೆ. ಎಲ್ಲ ಕೇಳಿಸಿಕೊಂಡು, ಯಾರ ಪರವೂ ಮಾತಾಡದೆ, ಮೂರು ಗಾಜಿನ ಲೋಟದಲ್ಲಿ ತಣ್ಣೀರು ತರಿಸಿದಳು. ಬರೀ ಕಾಫಿಪುಡಿ ನೀರಿನ ಮೇಲೆ ತೇಲುತ್ತದೆ, ಬೇರೇನಾದರೂ ಬೆರೆತಿದ್ದರೆ ಬಣ್ಣ ಬಿಟ್ಟು ಕೆಳಗಿಳಿಯುತ್ತದೆ ಎಂದಳು. ಪಾಪಕ್ಕನ ಡಬ್ಬಿಯ ಪುಡಿ ಒಂದಕ್ಕೆ. ಮೇಳದಿಂದ ತಂದು ಇನ್ನೂ ಒಡೆಯದೆ ಇಟ್ಟಿದ್ದ ಪೊಟ್ಟಣದ ಪುಡಿ ಇನ್ನೊಂದಕ್ಕೆ. ಮೂರನೆಯದಕ್ಕೆ ಶಿವರುದ್ರಮ್ಮ ಸೊಸೆಯನ್ನು ಕಳಿಸಿ ತಮ್ಮ ಮನೆಯ ಪೊಟ್ಟಣವನ್ನೇ ತರಿಸಿದರು. ಇಪ್ಪತ್ತು ವರ್ಷದಿಂದ ಅವರು ಕುಡಿಯುವುದು ಆ ಪುಡಿ, ಮೊದಲು ಅಂಗಡಿಗೂ ಅದನ್ನೇ ತರುತ್ತಿದ್ದೆವು. ನೀರಿನ ಮೇಲೆ ಉದುರಿಸಿದ್ದೂ ಅವರೇ, ಬೇರೆಯವರ ಕೈ ಅವರು ನಂಬಲಿಲ್ಲ.

ಮೊದಲ ಎರಡು ಲೋಟದಲ್ಲಿ ಪುಡಿ ಮೇಲೆಯೇ ತೇಲಿತು. ಮೂರನೆಯದರಲ್ಲಿ ಕಂದು ಬಣ್ಣ ದಾರದಂತೆ ಎಳೆ ಎಳೆಯಾಗಿ ಇಳಿಯಿತು. ಪುಡಿ ತಳ ಸೇರತೊಡಗಿತು. ನೋಡನೋಡುತ್ತ ನೀರಿನ ಬಣ್ಣವೇ ಬದಲಾಯಿತು.

"ನಮ್ಮನೆ ಪುಡೀಗೆ ಯಾರೇ ಬೆರೆಸಿದ್ದು?" ಎಂದು ಶಿವರುದ್ರಮ್ಮ ಸೊಸೆಯ ಕಡೆ ತಿರುಗಿದರು. ಪಾಪ, ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಯಾರೂ ಕದ್ದು ಬೆರೆಸಿಲ್ಲ ದೊಡ್ಡಮ್ಮ. ಪೊಟ್ಟಣದ ಮೇಲೇ ಬರ್ದೈತೆ, ಓದಿ" ಎಂದಳು ಚೈತ್ರ.

ಸಣ್ಣ ಅಕ್ಷರದಲ್ಲಿತ್ತು: ಕಾಫಿ ಶೇಕಡಾ 53, ಚಿಕೋರಿ ಶೇಕಡಾ 47. ಚಿಕೋರಿ ಎಂದರೆ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿ ಕಾಫಿಗೆ ಬೆರೆಸುತ್ತಾರೆ, ಆ ಗಟ್ಟಿತನ, ಕಪ್ಪು ಬಣ್ಣ ಅದರಿಂದಲೇ ಬರುತ್ತದೆ ಎಂದು ಚೈತ್ರ ತಿಳಿಸಿದಳು. ಎಷ್ಟು ಬೆರೆಸಿದೆ ಎಂದು ಬರೆದು, ನಿಯಮದಂತೆ ಮಾರಿದರೆ ಅದು ಮೋಸವಲ್ಲ. ಓದದೆ ಕುಡಿದವರು ನಾವು. ಪಾಪಕ್ಕನ ಪುಡಿಯಲ್ಲಿ ಚಿಕೋರಿ ಇರಲಿಲ್ಲ, ಅದಕ್ಕೇ ಬಣ್ಣ ತೆಳು. ಒಡೆಯದ ಪೊಟ್ಟಣದ ಪುಡಿಯೂ ಅವಳ ಡಬ್ಬಿಯ ಪುಡಿಯೂ ಒಂದೇ ಥರ ತೇಲಿದ್ದನ್ನು ಎಲ್ಲರೂ ಕಂಡಿದ್ದೆವು.

ಶಿವರುದ್ರಮ್ಮ ಅಷ್ಟಕ್ಕೇ ಬಗ್ಗುವವರಲ್ಲ. "ಔಷಧಿ ಹೊಡೆದಿಲ್ಲ ಅಂತ ಈ ನೀರು ಹೇಳ್ತೈತಾ?" ಎಂದರು.

ಹೇಳುವುದಿಲ್ಲ ಎಂದು ಚೈತ್ರ ಒಪ್ಪಿಕೊಂಡಳು. ಅದಕ್ಕೆ ಪೊಟ್ಟಣದ ಮೇಲೆ 'ಜೈವಿಕ್ ಭಾರತ್' ಎಂಬ ಹಸಿರು ಗುರುತು ಇದೆಯೇ ನೋಡಬೇಕು, ಆಹಾರ ಸುರಕ್ಷತೆಯವರು ಕೊಡುವ ಹದಿನಾಲ್ಕು ಅಂಕಿಯ ಸಂಖ್ಯೆ ನೋಡಬೇಕು, ಅದೂ ಸಾಲದಿದ್ದರೆ ಬೆಳೆದವರನ್ನೇ ಕೇಳಬೇಕು ಎಂದಳು. ಗುರುತೂ ಸಂಖ್ಯೆಯೂ ಇದ್ದವು. ಕೆಳಗೆ ಫೋನ್ ನಂಬರೂ ಇತ್ತು. ಶಿವರುದ್ರಮ್ಮ ಆಗಲೇ ಫೋನ್ ಮಾಡಿಸಿದರು.

ಎತ್ತಿದವರು ಕೇತಮ್ಮ ಎಂಬ ಸೋಲಿಗರ ಹೆಂಗಸು. ತಮ್ಮ ತೋಟವನ್ನು ನೆರೆಯವರು ಬಂದು ನೋಡುತ್ತಾರೆ, ನೆರೆಯವರದನ್ನು ತಾವು ಹೋಗಿ ನೋಡುತ್ತೇವೆ, ಯಾರು ಏನು ಹಾಕಿದರೆಂದು ಬರೆದಿಡುತ್ತೇವೆ, ಒಬ್ಬರು ಔಷಧಿ ಹೊಡೆದರೂ ಗುಂಪಿಗೆಲ್ಲ ಕೆಟ್ಟ ಹೆಸರು ಎಂದು ಸಮಾಧಾನವಾಗಿ ಹೇಳಿದರು. ಆಮೇಲೆ ಅವರೇ ತಿರುಗಿ ಕೇಳಿದರು.

"ಅದಿರ್ಲಿ ಕನವ್ವ, ನೀವು ನಮ್ ಪುಡಿಗ ಬ್ಯಾರೆ ಏನೂ ಬೆರ್ಸಿ ಮಾರ್ತಾ ಇಲ್ಲ ತಾನೆ? ಹಿಂದೊಬ್ಬ ವ್ಯಾಪಾರಿ ಅಂಗೇ ಮಾಡಿ ನಮ್ ಹೆಸರ ಕೆಡಿಸ್ಬುಟ್ಟ."

ಫೋನ್ ಇಟ್ಟ ಶಿವರುದ್ರಮ್ಮನವರ ಮುಖ ಕೆಂಪಾಗಿತ್ತು. ನಮ್ಮನ್ನು ಕಣ್ಣಲ್ಲೂ ನೋಡದವಳು ನಮ್ಮ ಮೇಲೆ ಹೇಗೆ ಅನುಮಾನ ಪಡುತ್ತಾಳೆ ಎಂದು ಗೊಣಗಿದರು. ಗೊಣಗುತ್ತಲೇ ಪಾಪಕ್ಕನ ಮುಖ ಕಂಡು ಸುಮ್ಮನಾದರು.

"ದೊಡ್ಡಮ್ಮ, ಕಾಫಿ ರುಚಿ ಹೆಂಗಿತ್ತು?" ಎಂದು ಚೈತ್ರ ಕೇಳಿದಳು. ಉತ್ತರ ಕೊಟ್ಟವಳು ಪಾಪಕ್ಕ.

"ಅವ್ರೆಲ್ಲಿ ಕುಡಿದವ್ರೆ? ಮೂರು ವರ್ಷದಿಂದ ಮನೆಯಿಂದ ಫ್ಲಾಸ್ಕು ತರ್ತಾರೆ. ನಾನು ಕಾಯಿಸಿದ್ದು ಮುಟ್ಟಾಕಿಲ್ಲ."

ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಪಾಪಕ್ಕನ ಮನೆ ಊರಾಚೆಯ ಕೇರಿಯಲ್ಲಿದೆ. ಪುಡಿಯ ಮೇಲಿನ ಅನುಮಾನ ಪುಡಿಯಿಂದ ಹುಟ್ಟಿದ್ದಾಗಿರಲಿಲ್ಲ. ಇಷ್ಟು ದಿನ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಶಿವರುದ್ರಮ್ಮ ಪಕ್ಕದಲ್ಲಿದ್ದ ತಮ್ಮ ಫ್ಲಾಸ್ಕನ್ನು ದೂರ ಸರಿಸಿದರು. ಒಂದು ಲೋಟ ಕೊಡು ಪಾಪಕ್ಕ ಎಂದರು.

ಪಾಪಕ್ಕ ಕೂತಲ್ಲಿಂದ ಏಳಲಿಲ್ಲ. "ಬೆರಕೆಯವಳು ಅಂದಿದ್ದು ಎಲ್ಲರ ಮುಂದೆ. ಎಲ್ಲರ ಮುಂದೇನೇ ವಾಪಸ್ ತಗೊಳ್ಳಿ. ಆಮೇಲೆ ಕಾಯಿಸ್ತೀನಿ."

"ತಗೊಂಡೆ ಕಣಮ್ಮ. ನೀನು ಏನೂ ಬೆರೆಸಿಲ್ಲ. ಕುಡೀದೆ ಮಾತಾಡ್ಬುಟ್ಟೆ, ತಪ್ಪು ನಂದು."

ಆಗ ಪಾಪಕ್ಕ ಎದ್ದು ಒಲೆ ಹಚ್ಚಿದಳು. ಶಿವರುದ್ರಮ್ಮ ಪೂರ್ತಿ ಲೋಟ ಕುಡಿದರು. ಘಮ ಚೆನ್ನಾಗಿದೆ, ಆದರೆ ತೆಳು ಅನ್ನುವುದು ನಿಜ ಎಂದರು. ನಕ್ಕವರಲ್ಲಿ ಪಾಪಕ್ಕನೂ ಇದ್ದಳು. ಒಲೆ ಅವಳ ಕೈಯಲ್ಲೇ ಉಳಿಯಿತು.

ಅಕ್ಕತಂಗಿಯರೇ, ಅನುಮಾನ ಪಡಬೇಡಿ ಎಂದು ನಾನು ಹೇಳುವುದಿಲ್ಲ. ಸಾವಯವ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಸಾವಯವವಲ್ಲ. ಹಸಿರು ಗುರುತು ಹುಡುಕಿ, ಪೊಟ್ಟಣದ ಸಣ್ಣ ಅಕ್ಷರ ಓದಿ, ಕಣ್ಣು ಮಂಜಾದರೆ ಮಕ್ಕಳ ಕೈಲಿ ಓದಿಸಿ. ಚಿಟಿಕೆ ಪುಡಿಯನ್ನು ತಣ್ಣೀರಿನ ಮೇಲೆ ಉದುರಿಸಿ ನೋಡಿ. ಬೆಳೆದವರಿಗೆ ಫೋನ್ ಮಾಡಿ, ಅವರು ತಿರುಗಿ ಕೇಳಿದರೆ ಬೇಸರ ಮಾಡಿಕೊಳ್ಳದೆ ಉತ್ತರ ಕೊಡಿ. ಇದೆಲ್ಲ ಪುಡಿಯ ಮಾತಾಯಿತು. ಅನುಮಾನ ಮನುಷ್ಯರ ಮೇಲೆ ಬಂದರೆ, ಬಾಯಿ ಬಿಡುವ ಮೊದಲು ಅವರ ಕೈಯಿಂದ ಒಂದು ಲೋಟ ಕಾಫಿ ಕುಡಿಯಿರಿ.