ಕಚ್ಛದ ಮೇಲೊಂದು ಸಂದು

ನಕಾಶೆ ಬರೆಯುವವನಿಗೆ ದೇಶಭಕ್ತಿ ಬೇಡ, ಕೈ ನಡುಗದಿದ್ದರೆ ಸಾಕು. ಮುಂಬಯಿ ಪಕ್ಕದ ಠಾಣೆ ಊರಿನ ನಕಾಶೆ ಪ್ರೆಸ್ಸೊಂದರಲ್ಲಿ ಹದಿಮೂರು ವರ್ಷ ದುಡಿದ ಲೀಲಾಧರನ ಕೈ ಒಮ್ಮೆಯೂ ನಡುಗಿರಲಿಲ್ಲ. ಆದರೂ ಎಪ್ಪತ್ತೇಳರಲ್ಲಿ ಶಾಲಾಪುಸ್ತಕಕ್ಕೆಂದು ಅವನು ಬರೆದ ಭಾರತ ಉಪಖಂಡದ ನಕಾಶೆ ಸರಕಾರಿ ಪರಿಶೀಲನೆಯಿಂದ ಎರಡು ಸಲ ವಾಪಸು ಬಂತು. ಉತ್ತರಕ್ಕೆ ಹಿಮಾಲಯ, ಮೂರು ಕಡೆ ಸಮುದ್ರ, ಅನಾದಿಯಿಂದ ಒಂದೇ ನೆಲ ಎಂದು ಪಾಠ ಹೇಳುತ್ತಿತ್ತು. ಪಾಠದಲ್ಲಿ ಒಂದು, ಪಟದಲ್ಲಿ ಮೂರು ದೇಶ. ಇರಲಿ, ಅದು ದೊಡ್ಡವರ ವ್ಯವಹಾರ. ಕಚ್ಛದ ರಣವೆಂಬ ಉಪ್ಪುಬಯಲಿನ ಮೇಲೆ ಗಡಿಗೆರೆ ತುಂಡಾಗಿದೆ ಎಂಬುದಷ್ಟೇ ಪರಿಶೀಲಕರ ತಕರಾರು.

ಅವನು ಪೂರ್ತಿ ಎಳೆದೇ ಕಳಿಸಿದ್ದ. ಈಗ ನೋಡಿದರೆ ಅಕ್ಕಿಕಾಳಿನಷ್ಟು ಜಾಗ ಖಾಲಿ. ಕೆರೆದ ಗುರುತಿಲ್ಲ, ಒರೆಸಿದ ಕಲೆಯಿಲ್ಲ. ಬೆರಳಿಟ್ಟರೆ ಒದ್ದೆ. ನಾಲಿಗೆಗೆ ತಾಗಿಸಿದ, ಉಪ್ಪುಪ್ಪು.

“ಮೂರನೇ ಸಲ ವಾಪಸ್ ಬಂತಂದ್ರ ಪ್ರೆಸ್ಸಿಗೂ ಬೀಗ, ನೀವೂ ಮನೀಗೆ,” ಎಂದರು ಮಾಲಕ ಗುರುಪಾದಪ್ಪ. “ನಾಡಿದ್ದು ಮುಂಜಾನೆ ನನ್ನ ಮೇಜಿನ ಮ್ಯಾಲ ಇರಬೇಕು ನೋಡ್ರಿ.”

ಲೀಲಾಧರ ನಕಾಶೆಯನ್ನು ಹಲಗೆ ಸಮೇತ ಡೊಂಬಿವಲಿಯ ಚಾಳಿನ ಮನೆಗೆ ತಂದ. ತಾಯಿ ಜಲಜಾಕ್ಷಿ ಆ ಸಂದನ್ನು ನೋಡಿದಳು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ನಿನ್ನ ಅಪ್ಪ ದಾರಿ ಹುಡುಕ್ತಾ ಇದ್ದಾರೆ, ಮುಚ್ಚಬೇಡ,” ಎಂದಳು.

ಅಪ್ಪ ಶಂಭು ಕರಾಚಿ ಬಂದರಿನ ಹತ್ತಿರ ಹೋಟೆಲಿಟ್ಟಿದ್ದ ಉಡುಪಿಯವನು. ನಲವತ್ತೇಳರಲ್ಲಿ ಹೆಂಡತಿಯನ್ನೂ ವರ್ಷದ ಕೂಸನ್ನೂ ಮುಂಬಯಿ ಹಡಗು ಹತ್ತಿಸಿ, ಪಾತ್ರೆಪಗಡೆ ಮಾರಿ ಬರುತ್ತೇನೆ ಎಂದವನು ಮೂವತ್ತು ವರ್ಷವಾದರೂ ಬರಲಿಲ್ಲ. ಕಾಗದವೂ ಇಲ್ಲ. ಮಹಾಲಯ ಅಮಾವಾಸ್ಯೆಗೆ ಜಲಜಾಕ್ಷಿ ಹಿರಿಯರಿಗೆಲ್ಲ ಎಡೆ ಬಡಿಸುತ್ತಿದ್ದಳು, ಅವನಿಗೆ ಮಾತ್ರ ಇಲ್ಲ.

“ಹಡಗಿನಿಂದ ನಾನು ನೋಡಿದ್ದೇನೆ ಮಗಾ. ಆ ನೀರಲ್ಲಿ ಗೆರೆ ಗಿರೆ ಎಂತದ್ದೂ ಇರ್ಲಿಲ್ಲ.”

ಲೀಲಾಧರನಿಗೆ ಸಿಟ್ಟು ನೆತ್ತಿಗೇರಿತು. “ಗೆರೆ ಇಲ್ಲದಿದ್ರೆ ನಮಗೆ ಗಂಜಿಯೂ ಇಲ್ಲ ಅಮ್ಮ. ನಾಳೆ ಅಮಾವಾಸ್ಯೆ. ಅಪ್ಪನಿಗೂ ಒಂದು ಎಲೆ ಹಾಕು. ಸತ್ತವರಿಗೆ ದಾರಿ ಎಂತಕ್ಕೆ?”

ಅವಳು ಬಹಳ ಹೊತ್ತು ಅತ್ತಳು. ಕೊನೆಗೆ, “ಹಾಕ್ತೇನೆ. ಆದ್ರೆ ಬಾಗಿಲು ತೆಗೆಯುವ ತನಕ ನೀನು ಪೆನ್ನು ಮುಟ್ಟಬಾರ್ದು,” ಎಂದಳು.

ಎಡೆ ಬಡಿಸಿದ ಮೇಲೆ ಬಾಗಿಲೆಳೆದು ಮನೆಯವರು ಹೊರಗೆ ನಿಲ್ಲಬೇಕು. ಹಿರಿಯರು ಬಂದು ಹೋಗಲು ಅಷ್ಟು ಸಮಯ. ಆಮೇಲೆ ಹೊರಗಿನಿಂದ ಬಾಗಿಲು ತಟ್ಟಿ ಒಳಗೆ ಹೋಗುವುದು ಅವರ ಪದ್ಧತಿ. ಮರುದಿನ ಮಟಮಟ ಮಧ್ಯಾಹ್ನ ತಾಯಿ ಮಗ ಚಾಳಿನ ಗ್ಯಾಲರಿಯಲ್ಲಿ ನಿಂತರು. ಇದ್ದದ್ದು ಒಂದೇ ಕೋಣೆ. ನಕಾಶೆಯನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕೆಂದು ಲೀಲಾಧರ ಹಲಗೆಯನ್ನೂ ಹೊರಗೆ ತಂದಿದ್ದ.

ಆಗ ಬಾಗಿಲು ತಟ್ಟಿದ ಸದ್ದಾಯಿತು, ಒಳಗಿನಿಂದ.

ಲೀಲಾಧರ ಹಲಗೆ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದ. ಜಲಜಾಕ್ಷಿ ಮಾತ್ರ ಸೆರಗು ಸರಿಮಾಡಿಕೊಂಡು ಚಿಲಕಕ್ಕೆ ಕೈ ಹಾಕಿದಳು. ಮತ್ತೆ ತಟ್ಟಿದರು, ಈ ಸಲ ಜೋರಾಗಿ. ಹೆದರಿಕೆಯಲ್ಲಿ ಅವನು ಜೇಬಿನ ಪೆನ್ನು ಎಳೆದು ಕಚ್ಛದ ಆ ಸಂದನ್ನು ಒಂದೇ ಏಟಿಗೆ ಮುಚ್ಚಿಬಿಟ್ಟ. ತಟ್ಟುತ್ತಿದ್ದದ್ದು ಆ ಕ್ಷಣವೇ ನಿಂತಿತು.

ಅವಳು ಬಾಗಿಲು ದೂಡಿದಳು. ಒಳಗೆ ಯಾರೂ ಇಲ್ಲ. ಹಿರಿಯರ ಎಲೆಗಳು ಬಡಿಸಿದ ಹಾಗೇ ಇದ್ದವು. ಶಂಭುವಿನ ಎಲೆಯಲ್ಲಿ ಅನ್ನ ಕಲಸಿತ್ತು. ಎರಡು ತುತ್ತು ಉಂಡ ಜಾಗ ಬರಿದಾಗಿತ್ತು, ಮೂರನೆಯ ತುತ್ತು ಎಲೆಯಂಚಿನಲ್ಲಿ ಅರ್ಧಕ್ಕೇ ಬಿದ್ದಿತ್ತು.

“ಸತ್ತವರು ಅನ್ನ ಕಲಸುವುದಿಲ್ಲ ಮಗಾ,” ಎಂದಳು ಜಲಜಾಕ್ಷಿ. “ಈಗಿನ ತನಕ ಅವರು ಬದುಕಿದ್ರು.”

ಲೀಲಾಧರ ಬ್ಲೇಡು ಹಿಡಿದು ಗೆರೆಯನ್ನು ಕೆರೆಯತೊಡಗಿದ. ಕೆಲಸ ಹೋದರೆ ಹೋಗಲಿ, ಪ್ರೆಸ್ಸು ಮುಚ್ಚಿದರೆ ಮುಚ್ಚಲಿ. ಕೈ ಗಡಗಡ ನಡುಗುತ್ತಿತ್ತು. ಕೆರೆದು ಕೆರೆದು ಕಾಗದ ಹರಿದು ಅಡಿಯ ಹಲಗೆ ಕಂಡಿತು. ಹಲಗೆಯ ಮೇಲೂ ಗೆರೆಯಿತ್ತು.