ಗಿರಾಕಿ ಕೂರುವ ಕುರ್ಚಿ

ಕತ್ತರಿ ಮಾಸ್ತರನಿಗೆ ಹೊಸ ಗಾಲಿಕುರ್ಚಿ ಕೊಡುತ್ತೇವೆಂದು ಅಂಗವಿಕಲರಿಗೆ ನೆರವಾಗುವ ಟ್ರಸ್ಟಿನವರು ತಾವಾಗಿಯೇ ಹೇಳಿ ಕಳಿಸಿದ್ದರು. ಬ್ಯಾಟರಿಯದು, ಗುಂಡಿ ಒತ್ತಿದರೆ ಓಡುವಂಥದ್ದು. ಬೇರೆ ಯಾರಾದರೂ ಆಗಿದ್ದರೆ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಈ ಮಹಾಶಯ ಬೇಡವೆಂದ. ತನಗೆ ಬೇಕಿರುವುದು ಹಲ್ಲಿನ ಡಾಕ್ಟರರ ಕುರ್ಚಿ ಎಂದು ಅರ್ಜಿಯಲ್ಲಿ ಬರೆದ.

ಓದಿದವರು ನಕ್ಕಿರಬೇಕು. ನಗಲಿ ಬಿಡಿ, ಕಾರಣ ಗೊತ್ತಿಲ್ಲದವರು ಇನ್ನೇನು ಮಾಡಿಯಾರು?

ಮಾಸ್ತರ ಕ್ಷೌರಿಕ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಎರಡು ವರ್ಷದ ಹಿಂದೆ ಬೋರ್ಡು ಕಟ್ಟಲು ಏಣಿ ಹತ್ತಿ ಬಿದ್ದವನು ಮತ್ತೆ ಎದ್ದು ನಿಲ್ಲಲಿಲ್ಲ. ಬೆನ್ನುಮೂಳೆ ಮುರಿದಿತ್ತು, ಸೊಂಟದ ಕೆಳಗೆ ಸ್ಪರ್ಶಜ್ಞಾನವೇ ಇರಲಿಲ್ಲ. ಕೈಗಳಿಗೆ ಮಾತ್ರ ಏನೂ ಆಗಿರಲಿಲ್ಲ, ಮೊದಲಿನ ಹಾಗೇ ಚುರುಕು. ಆದರೆ ಅಂಗಡಿಯ ಕುರ್ಚಿ ನಿಂತು ಕೆಲಸ ಮಾಡುವವನಿಗಾಗಿ ಮಾಡಿದ್ದು. ಎಷ್ಟು ಇಳಿಸಿದರೂ ಗಾಲಿಕುರ್ಚಿಯಲ್ಲಿ ಕೂತವನ ಕೈ ಗಿರಾಕಿಯ ಕಿವಿಯಿಂದ ಮೇಲೆ ಹೋಗುತ್ತಿರಲಿಲ್ಲ. ಕಿವಿಯವರೆಗೆ ಕತ್ತರಿಸಿಕೊಂಡು ಹೋಗಲು ಯಾರು ಬರುತ್ತಾರೆ?

ಡಾಕ್ಟರರ ಕುರ್ಚಿಯ ಉಪಾಯ ಹೊಳೆದದ್ದು ಅವನ ಅಕ್ಕನಿಗೆ. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ಗುಡಿಸಿ ಒರೆಸುವ ಕೆಲಸದವಳು. ಒಂದು ದಿನ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು.

"ಲೋ, ನಮ್ಮ ಡಾಕ್ಟ್ರು ದಿನವಿಡೀ ಕೂತ್ಕೊಂಡೇ ಕೆಲಸ ಮಾಡ್ತಾರೆ ಕಣೋ! ಕುರ್ಚಿನ ಕೆಳಗಿಳಿಸಿ ಹಿಂದಕ್ಕೆ ಬಾಗಿಸಿದ್ರೆ ರೋಗಿ ತಲೆ ಅವರ ಮಡಿಲಿಗೇ ಬರುತ್ತೆ. ಇಷ್ಟು ವರ್ಷ ಕಣ್ಣೆದುರಿಗೇ ಇತ್ತು, ನನ್ನ ಬುದ್ಧಿಗೆ ಮಂಕು ಕವಿದಿತ್ತು ನೋಡು."

ಆಸ್ಪತ್ರೆಯವರು ಹಳೆಯ ಕುರ್ಚಿಯೊಂದನ್ನು ಮಾರುವವರಿದ್ದರು. ಟ್ರಸ್ಟು ಕೊಂಡುಕೊಟ್ಟರೆ ಆಯಿತಲ್ಲ ಎಂದು ಮಾಸ್ತರ ಅರ್ಜಿ ಹಾಕಿದ. ಆಮೇಲೆ ಗೊತ್ತಾದದ್ದು, ಟ್ರಸ್ಟು ಒಬ್ಬರಿಗೆ ಒಂದೇ ಸಲ ಕೊಡುತ್ತದೆ, ಈ ಸರದಿ ತಪ್ಪಿದರೆ ಮುಗಿಯಿತು. ಸಿಗುವ ಗಾಲಿಕುರ್ಚಿಯನ್ನು ಕಣ್ಣುಮುಚ್ಚಿ ತಗೋ ಎಂದು ಈಗ ಅಕ್ಕನೇ ದುಂಬಾಲು ಬಿದ್ದಳು.

"ಅದರಲ್ಲಿ ಕೂತು ಏನು ಮಾಡ್ಲಿ? ಬ್ಯಾಟರಿ ಹಾಕ್ಕೊಂಡು ಸುಮ್ನೆ ಕೂರ್ಲಾ?" ಎಂದು ಮಾಸ್ತರ ಕೇಳಿದ. ಅಕ್ಕ ತಲೆ ಚಚ್ಚಿಕೊಂಡಳು.

ಟ್ರಸ್ಟಿನಿಂದ ಪರಿಶೀಲನೆಗೆಂದು ಒಬ್ಬರು ಬಂದರು. ಇಸ್ತ್ರಿ ಅಂಗಿ, ಕಂಕುಳಲ್ಲಿ ಫೈಲು, ಎರಡು ದಿನದ ಗಡ್ಡ. ಕೆಟ್ಟವರಲ್ಲ, ಆದರೆ ಅಚ್ಚಾದ ಕಾಗದದ ಆಚೆಗೊಂದು ಲೋಕವಿದೆ ಎಂಬುದು ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ.

"ಸಲಕರಣೆಯನ್ನ ಅಂಗವಿಕಲರೇ ಬಳಸಬೇಕು ಅಂತ ಇಲ್ಲಿದೆ. ಈ ಕುರ್ಚಿಯಲ್ಲಿ ನೀವು ಕೂರ್ತೀರಾ?"

"ಇಲ್ಲ ಸಾರ್. ಕೂತು ಕೂತು ಸಾಕಾಗಿದೆ. ನನಗೆ ಬೇಕಾಗಿರೋದು ಬೇರೆಯವರನ್ನ ಕೂರಿಸೋ ಕುರ್ಚಿ."

ಅವರ ಪೆನ್ನು ನಿಂತಿತು. "ಗಿರಾಕಿಗಳಿಗೆ ನಾವು ಹೇಗೆ ಕೊಡೋದು ಹೇಳಿ? ಅದರ ಬದಲು ಒಂದು ಪುಟ್ಟ ಸ್ಟೂಲ್ ಹಾಕಿದ್ರೆ ಆಗಲ್ವಾ?"

"ಸ್ಟೂಲ್ ಇದೆ ಸಾರ್, ನೀವೇ ಕೂತು ನೋಡಿ. ಗಡ್ಡಾನೂ ಬಂದಿದೆ."

ಬಾಗಿಲ ಹಿಂದಿದ್ದ ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪರಿಶೀಲನೆಗೆ ಬಂದವರ ಮುಖಕ್ಕೆ ನೊರೆ ಹಚ್ಚುವುದೆಂದರೇನು!

ಅವರು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತರು. ಗಾಲಿಕುರ್ಚಿಯ ಪಾದ ಇಡುವ ಕಬ್ಬಿಣ ಅವರ ಬೆನ್ನಿಗೆ ಒತ್ತುತ್ತಿತ್ತು. ಸೊಂಟಕ್ಕೆ ಬಲವಿಲ್ಲದ ಮಾಸ್ತರ ಮುಗ್ಗರಿಸದಿರಲು ಒಂದು ಕೈಯಲ್ಲಿ ತನ್ನ ಕುರ್ಚಿಯನ್ನು ಹಿಡಿದೇ ಇರಬೇಕಿತ್ತು. ಉಳಿದ ಒಂದೇ ಕೈಯಲ್ಲಿ ಬಲಗೆನ್ನೆ ನುಣುಪಾಗಿ ಬಂತು. ಎಡಗೆನ್ನೆ ಮುಗಿಯುವಷ್ಟರಲ್ಲಿ ಅವನ ಬೆವರು ಅವರ ಹೆಗಲಿಗೆ ತೊಟ್ಟಿಕ್ಕಿತು. ಗಂಟಲಿನ ಭಾಗಕ್ಕೆ ತಲೆಯನ್ನು ಹಿಂದಕ್ಕೆ ಚಾಚಬೇಕು. ಚಾಚಿದ ತಲೆಗೆ ಆಸರೆಯಿಲ್ಲ, ಚರ್ಮ ಹಿಗ್ಗಿಸಿ ಹಿಡಿಯಲು ಇನ್ನೊಂದು ಕೈಯಿಲ್ಲ. ಮಾಸ್ತರ ಕತ್ತಿಯನ್ನು ಕೆಳಗಿಟ್ಟ.

"ಗಂಟಲಿಗೆ ಕತ್ತಿ ಇಡಲ್ಲ ಸಾರ್. ನಂಬಿ ಕೂತಿದ್ದೀರಿ. ಕ್ಷಮಿಸಿ. ರಸ್ತೆ ತುದೀಲಿ ಇನ್ನೊಂದು ಅಂಗಡಿ ಇದೆ, ಅವನು ಚೆನ್ನಾಗಿ ಮಾಡ್ತಾನೆ."

ಕೂತ ಗಿರಾಕಿಯನ್ನು ಅರ್ಧಕ್ಕೆ ಎಬ್ಬಿಸಿ ಎದುರಾಳಿಯ ಅಂಗಡಿಗೆ ದಾರಿ ತೋರಿಸಿದ್ದು ಅವನು ಇದೇ ಮೊದಲು. ಬಿದ್ದು ನಡ ಮುರಿದ ದಿನವೂ ಇಷ್ಟು ನಾಚಿಕೆಯಾಗಿರಲಿಲ್ಲ.

ಪರಿಶೀಲಕರು ನೊರೆ ಒರೆಸಿಕೊಂಡು, ಕತ್ತು ನೀವಿಕೊಳ್ಳುತ್ತ ಎದ್ದರು. ಫೈಲನ್ನು ಮತ್ತೆ ಬಿಚ್ಚಿದರು.

"ಈಗ ನೋಡಿದ್ದನ್ನ ನೋಡಿದ ಹಾಗೇ ಬರೀತೀನಿ. ಒಪ್ಪೋದು ಬಿಡೋದು ಮೇಲಿನವರ ಕೈಲಿದೆ. ಅವರು ಒಪ್ಪದಿದ್ರೆ ಗಾಲಿಕುರ್ಚಿನೂ ಸಿಗಲ್ಲ. ಈಗಲೂ ಕಾಲ ಮಿಂಚಿಲ್ಲ, ಯೋಚನೆ ಮಾಡಿ."

ಮಾಸ್ತರ ಬಾಗಿಲ ಕಡೆ ನೋಡಿದ. ಅಕ್ಕ ಬೇಡ ಬೇಡವೆಂದು ಕೈಸನ್ನೆ ಮಾಡುತ್ತಿದ್ದಳು.

"ಬರೀರಿ ಸಾರ್," ಎಂದ.

ಅಕ್ಕ ಮೂರು ದಿನ ಮುಖ ಊದಿಸಿಕೊಂಡಿದ್ದಳು. ಊಟದ ತಟ್ಟೆಯನ್ನು ಠಣ್ಣೆಂದು ಮುಂದಿಡುತ್ತಿದ್ದಳೇ ಹೊರತು ಮಾತಿಲ್ಲ. ಮಾಸ್ತರನಿಗೂ ಒಳಗೊಳಗೇ ಪುಕಪುಕ. ಹಠಕ್ಕೆ ಬಿದ್ದು ಇದ್ದದ್ದನ್ನೂ ಕಳೆದುಕೊಂಡೆನೇನೋ ಎಂದು ಹಾಸಿಗೆಯಲ್ಲಿ ಹೊರಳಲೂ ಆಗದೆ ಒದ್ದಾಡಿದ.

ಆರನೆಯ ವಾರ ಕಾಗದ ಬಂತು. ಒಪ್ಪಿದ್ದರು. ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡು, ಮೊದಲಿನಿಂದಲೂ ತಾನು ಹೇಳುತ್ತಿದ್ದದ್ದೇ ಅದು ಎಂಬಂತೆ ಬೀಗಿದಳು.

ಕುರ್ಚಿಯನ್ನು ಆರು ಜನ ಹೊತ್ತು ತಂದರು. ಅದನ್ನು ಕಾಲಿನಿಂದ ಗುಂಡಿ ಒತ್ತಿ ಇಳಿಸಬೇಕಿತ್ತು. ಜೊತೆಗೆ ಬಂದಿದ್ದ ಮೆಕ್ಯಾನಿಕ್ಕು ಆ ಗುಂಡಿಗಳನ್ನು ಬಿಚ್ಚಿ ಮಾಸ್ತರನ ಕೈಗೆಟಕುವಲ್ಲಿ ಕೂರಿಸಿದ. ಬಾಯಿ ಮುಕ್ಕಳಿಸಿ ಉಗುಳುವ ಬೋಗುಣಿಯನ್ನು ಕಿತ್ತುಬಿಡಲೇ ಎಂದು ಕೇಳಿದ. "ಇರ್ಲಿ ಬಿಡಿ, ಬ್ರಷ್ ತೊಳೆಯಕ್ಕಾಗುತ್ತೆ," ಎಂದ ಮಾಸ್ತರ.

"ಮೊದಲು ನಾನು ಕೂರ್ತೀನಿ," ಎಂದಳು ಅಕ್ಕ. "ಇಪ್ಪತ್ತು ವರ್ಷ ಒರೆಸಿದ್ದೀನಿ ಇದನ್ನ, ಒಂದು ದಿನ ಕೂತಿಲ್ಲ."

ಗಂಟು ಬಿಚ್ಚಿ, ಕೂದಲು ಇಳಿಬಿಟ್ಟು ಕೂತಳು. ಮಾಸ್ತರ ಹಿಂದಿನಿಂದ ಗುಂಡಿ ಒತ್ತಿದ. ಕುರ್ಚಿ ಗುರ್ರೆನ್ನುತ್ತ ಇಳಿದು ಅವನ ಎದೆಯ ಕೆಳಗೆ ನಿಂತಿತು. ಅದರ ಬೆನ್ನಿಗೆ ಎದೆ ಆನಿಸಿದ. ಬೀಳಲಿಲ್ಲ, ಎರಡೂ ಕೈ ಬಿಡುವಾದವು.

ಎರಡು ವರ್ಷದಿಂದ ಅವನು ಕಂಡದ್ದು ಹೆಚ್ಚಾಗಿ ಜನರ ಗದ್ದ, ಮೂಗಿನ ಹೊಳ್ಳೆ, ಅಂಗಿಯ ಗುಂಡಿ. ಈಗ ಕಣ್ಣಿನ ಕೆಳಗೆ ಒಂದು ನೆತ್ತಿಯಿತ್ತು. ಬೈತಲೆಯ ಎರಡೂ ಕಡೆ ಕೂದಲು ಪೂರ್ತಿ ಬೆಳ್ಳಗಾಗಿ, ತೆಳ್ಳಗಾಗಿ, ನಡುವೆ ಚರ್ಮ ಕಾಣುತ್ತಿತ್ತು. ದಿನಕ್ಕೆ ನಾಲ್ಕು ಸಲ ಅವನನ್ನು ಎತ್ತಿ ಕೂರಿಸಿದವಳ ನೆತ್ತಿ ಅದು. ಅವಳಿಗೆ ಇಷ್ಟು ವಯಸ್ಸಾಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಅಕ್ಕಾ... ಯಾವಾಗ ಆಯ್ತು ಇದೆಲ್ಲ?"

"ಯಾವುದು?"

ಅವನು ಬಾಚಣಿಗೆಯನ್ನು ನೀರಿಗೆ ಅದ್ದಿದ.

"ಏನಿಲ್ಲ. ತಲೆ ಅಲ್ಲಾಡಿಸ್ಬೇಡ," ಎಂದು ಬಾಚತೊಡಗಿದ.